ಕಾಯಿಲು ಮುಗಿಯುವವರೆಗೆ

ಅವಳನ್ನು ನಾನು ಮೊದಲು ಕಂಡಾಗ ಇನ್ನೂ ಬಾಗಿಲ ಬೀಗ ತೆಗೆದಿರಲಿಲ್ಲ. ಹೆಂಗಸರಿಗೆ ಕೈಕೆಲಸ ಕಲಿಸುವ ಆ ತರಬೇತಿ ಶಾಲೆಯ ಕಸ ಗುಡಿಸುವುದು, ಕೀಲಿ ಇಟ್ಟುಕೊಳ್ಳುವುದು ನನ್ನ ಕೆಲಸ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಹಿಡಿದದ್ದು, ಹತ್ತೊಂಬತ್ತು ವರ್ಷವಾಯಿತು. ಮೆಟ್ಟಿಲ ಮೇಲೆ ಒಬ್ಬಳು ಪುಟ್ಟ ಮಗಳನ್ನು ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು. ಸ್ವಲ್ಪ ಸರಿಯಮ್ಮ ಎಂದೆ. "ಬಂದೆ" ಎಂದು ದಡಕ್ಕನೆ ಎದ್ದಳು. ಅರ್ಧ ಹೆಣೆದ ಜಡೆ ಬಿಚ್ಚಿಹೋಯಿತು. ಸರಿ ಅಂದರೆ ಬಂದೆ ಅನ್ನುತ್ತಾಳಲ್ಲ, ಇದೆಂಥ ಹುಡುಗಿ ಅಂದುಕೊಂಡೆ.

ಫ್ಯಾನ್ ರಿಪೇರಿ ಕಲಿಯಲು ಬಂದಿದ್ದಳು. ಗಂಡನ ಹೊಡೆತ ತಾಳದೆ ಮಗಳ ಜೊತೆ ಅಣ್ಣನ ಮನೆ ಸೇರಿದ್ದಳು. ಆರು ತಿಂಗಳ ತರಬೇತಿ ಮುಗಿಯುವಷ್ಟರಲ್ಲಿ ಕೆಲಸ ಹಿಡಿಯದಿದ್ದರೆ ಗಂಡನ ಮನೆಗೇ ವಾಪಸ್ಸು ಎಂದು ಅತ್ತಿಗೆ ಹೇಳಿಬಿಟ್ಟಿದ್ದಳಂತೆ.

ಸುಟ್ಟ ಫ್ಯಾನಿಗೆ ಹೊಸ ತಂತಿ ಸುತ್ತುವುದನ್ನು ನಾನು ಗುಡಿಸುತ್ತ ಗುಡಿಸುತ್ತಲೇ ನೋಡಿ ಬಲ್ಲೆ. ಬಲಗೈಯಲ್ಲಿ ಮಷೀನಿನ ಹಿಡಿಕೆ ತಿರುಗಿಸಬೇಕು, ಎಡಗೈಯಲ್ಲಿ ಕೂದಲಿನಂಥ ತಾಮ್ರದ ತಂತಿಯನ್ನು ಬಿಗಿಯಾಗಿ ಹಿಡಿಯಬೇಕು. ಮುನ್ನೂರು ಸುತ್ತಾದರೆ ಒಂದು ಕಾಯಿಲು. ಎಣಿಕೆ ತೋರಿಸುವ ಮುಳ್ಳು ಮಷೀನಿನಲ್ಲೇ ಇತ್ತು. ಆದರೆ ಕಲಿಯುವವರಿಗೆ ಕಾಣದಂತೆ ಮಾಸ್ತರು ಅದರ ಮೇಲೆ ಕಾಗದ ಅಂಟಿಸುತ್ತಿದ್ದರು. ಮುಳ್ಳು ಕೆಟ್ಟ ದಿನ ಕೈ ಕಟ್ಟಿ ಕೂರಬಾರದು ಎನ್ನುತ್ತಿದ್ದರು. ಒಂದು ಕಾಯಿಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆಯಾದರೆ ಫ್ಯಾನು ಗೊರಗೊರ ಎಂದು ಕಾದು ಸುಟ್ಟುಹೋಗುತ್ತದೆ.

ಅವಳ ಕೈ ಚೊಕ್ಕ. ಆದರೆ ಯಾರಾದರೂ ಕರೆದರೆ ಸಾಕು, ಎಲ್ಲಿದ್ದ ತಂತಿಯನ್ನು ಅಲ್ಲೇ ಬಿಟ್ಟು, "ಬಂದೆ" ಎಂದು ಎದ್ದುಬಿಡುವಳು. ಪಕ್ಕದವಳನ್ನು ಕರೆದರೂ ಇವಳೇ ಏಳುವಳು. ಎಣಿಕೆ ಗಾಳಿಗೆ ಹೋಗುತ್ತಿತ್ತು. ಮೂರು ಫ್ಯಾನು ಸುಟ್ಟವು. ಜೊತೆಯವರು ಅವಳಿಗೆ 'ಬಂದೆ' ಅಂತಲೇ ಹೆಸರಿಟ್ಟರು. ಮಾಸ್ತರು ಬೈಯಲಿಲ್ಲ, ತಲೆ ಕೆರೆದುಕೊಂಡರು.

ಯಾಕೆ ಹೀಗೆ ಏಳ್ತೀಯ ಎಂದು ಒಂದು ದಿನ ಕೇಳಿಯೇಬಿಟ್ಟೆ. ಗಂಡನ ಮನೆಯಲ್ಲಿ ಎರಡನೇ ಸಲ ಕರೆಸಿಕೊಂಡರೆ ಏಟು ಬೀಳುತ್ತಿತ್ತಂತೆ. "ನಾನು ಏಳಲ್ಲ ಅಜ್ಜಿ, ಕಾಲೇ ಏಳುತ್ತೆ" ಎಂದಳು.

ಕಾಲಿಗೆ ಬುದ್ಧಿ ಕಲಿಸೋಣ ಬಾ ಎಂದೆ. ಮಿಕ್ಕವರು ಹೋದ ಮೇಲೆ ಅವಳು ಸುತ್ತಲು ಕೂರುವುದು, ನಾನು ಬೆಂಚು ಒರೆಸುತ್ತ ಸುಮ್ಮಸುಮ್ಮನೆ ಕರೆಯುವುದು. ಇಲ್ಲಿ ಬಾರೆ, ನೀರು ಕೊಡೆ, ಬಕೆಟ್ಟು ಎಲ್ಲೇ. ಮೊದಲ ದಿನ ಹನ್ನೊಂದು ಸಲ ಎದ್ದಳು. ಕೂತ್ಕೊ, ಸುಳ್ಳು ಸುಳ್ಳೇ ಕರೆದದ್ದು ಎನ್ನುತ್ತಿದ್ದೆ. ಉತ್ತರ ಕೊಡದಿದ್ದರೆ ಎದೆ ಹೊಡ್ಕೊಳ್ಳುತ್ತೆ ಅಜ್ಜಿ ಎಂದಳು. ಎರಡು ಕೈಗೂ ಕೆಲಸವಿದೆ, ಬಾಯಿ ಬಿಟ್ಟರೆ ಎಣಿಕೆ ಹೋಗುತ್ತದೆ. ನಾನೇ ಯೋಚನೆ ಮಾಡಿ, ಕರೆದಾಗ ತಂತಿ ಹಿಡಿದ ಕೈಯ ಕಿರುಬೆರಳು ಎತ್ತು, 'ಕೇಳಿಸಿತು, ಇದು ಮುಗಿಸಿ ಬರ್ತೀನಿ' ಎಂದು ಅದರರ್ಥ, ಅಂದೆ. ಅದು ಹಿಡಿಸಿತು. ತಿಂಗಳು ಕಳೆಯುವಷ್ಟರಲ್ಲಿ ನಾನು ಹಾವು ಹಾವು ಎಂದು ಕೂಗಿದರೂ ಕಿರುಬೆರಳು ಎತ್ತಿ ಕೂತಿದ್ದಳು. ನಿಜವಾಗಿ ಹಾವು ಬಂದರೆ ಗತಿಯೇನು ಎಂದು ನನಗೇ ಚಿಂತೆಯಾಯಿತು.

ಪರೀಕ್ಷೆಯ ದಿನ ಫ್ಯಾನ್ ರಿಪೇರಿ ವರ್ಕ್‌ಶಾಪಿನ ಯಜಮಾನಿ ಬಂದು ಕೂತಿದ್ದರು. ಒಬ್ಬಳನ್ನು ಕೆಲಸಕ್ಕೆ ತೆಗೆದುಕೊಳ್ಳುವವರು. ಇವಳು ಕೊನೆಯ ಕಾಯಿಲು ಸುತ್ತುವಾಗ ಬಾಗಿಲಲ್ಲಿ ಅವಳಣ್ಣ ನಿಂತ. ಏಳು, ನಿನ್ನ ಗಂಡ ಮನೆಗೆ ಬಂದು ಕೂತಿದ್ದಾನೆ, ಕರ್ಕೊಂಡು ಹೋಗ್ತಾನಂತೆ ಎಂದು ಕೂಗಿದ. ನನ್ನ ಕೈಯ ಪೊರಕೆ ನಿಂತಿತು. ಅವಳ ಹಿಮ್ಮಡಿ ನೆಲ ಬಿಟ್ಟದ್ದನ್ನು ಕಣ್ಣಾರೆ ಕಂಡೆ. ಆಮೇಲೆ ಮೆಲ್ಲಗೆ ಮತ್ತೆ ನೆಲಕ್ಕೆ ಕೂತಿತು. ಕಿರುಬೆರಳು ಮೇಲೆದ್ದಿತು.

ಅಣ್ಣ ಇನ್ನೆರಡು ಸಲ ಕರೆದ. ನಾನು ಸ್ಟೂಲು ತಂದಿಟ್ಟು, ಕೂತ್ಕೊಳಪ್ಪ, ಎಣಿಸ್ತಿದಾಳೆ ಎಂದೆ. ಅವಳು ಮುನ್ನೂರು ಮುಗಿಸಿ, ತಂತಿಯ ತುದಿ ಕಟ್ಟಿ, ಆಮೇಲೆ ತಿರುಗಿದಳು.

"ಇದನ್ನ ಜೋಡಿಸಿ ಫ್ಯಾನ್ ತಿರುಗಿಸಬೇಕಣ್ಣ. ಆಮೇಲೆ ಬರ್ತೀನಿ. ಆದ್ರೆ ಅವರ ಜೊತೆ ಹೋಗಲ್ಲ."

ಅಣ್ಣ ಸ್ಟೂಲು ಬಿಟ್ಟು ಏಳಲಿಲ್ಲ. ಕಾಯಿಲು ಜೋಡಿಸಿ, ತಂತಿಗೆ ವಾರ್ನಿಷ್ ಬಳಿದು, ಒಣಗಿಸಿ, ಫ್ಯಾನು ಮೇಲೇರುವ ಹೊತ್ತಿಗೆ ಸಂಜೆಯಾಯಿತು. ಸ್ವಿಚ್ಚು ಹಾಕಿದರು. ಗೊರಗೊರ ಇಲ್ಲ. ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿದರೂ ಕಾದಿರಲಿಲ್ಲ. ಅಣ್ಣನ ಅಂಗಿಯ ಕಾಲರು ಪಟಪಟ ಹಾರುತ್ತಿತ್ತು. ಯಜಮಾನಿ ಅವಳ ಹೆಸರನ್ನೂ ಕೇಳದೆ ಸೋಮವಾರ ಬಾ ಎಂದರು. ಅವಳು ನನ್ನತ್ತ ನೋಡಿದಳು. ನಾನು ನೆಲದ ಮೇಲೇ ಕೂತುಬಿಟ್ಟೆ, ಮಂಡಿ ನೋವೆಂದು ನೆಪ ಹೇಳಿ. ಅಣ್ಣ ತಂಗಿ ಮನೆ ಮುಟ್ಟುವಷ್ಟರಲ್ಲಿ ಗಂಡ ಕಾದು ಬೇಸತ್ತು ಹೊರಟುಹೋಗಿದ್ದನಂತೆ. ಆತ ಎರಡನೇ ಸಲ ಬಂದದ್ದನ್ನು ನಾನು ಕೇಳಿಲ್ಲ.

ಈಗ ತಾಯಿ ಮಗಳು ಬೇರೆ ಬಾಡಿಗೆ ರೂಮಿನಲ್ಲಿದ್ದಾರೆ. ಹೋದ ವಾರ ಆ ದಾರಿಯಲ್ಲಿ ಹೋಗುವಾಗ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಅವಳನ್ನು ಕರೆದೆ. ಬೆನ್ನು ತಿರುಗಲಿಲ್ಲ, ಕಿರುಬೆರಳು ಎದ್ದಿತು. ಬಿಸಿಲಿನಲ್ಲೇ ಕಾದು ನಿಂತೆ. ಹಿಡಿಕೆ ನಿಂತಿತು, ತುದಿ ಕಟ್ಟಿದಳು, ಕೈ ಒರೆಸಿಕೊಂಡು ಬಂದಳು.

"ಈಗ ಹೇಳಿ ಅಜ್ಜಿ, ಯಾಕೆ ಕರೆದ್ರಿ?"