ಬಾಗಿಲಿಗೂ ನನಗೂ ನಡುವೆ ಎರಡು ಲಾರಿ

ಹಲಸಿನ ಮರದ ಒಂದು ಮುಂಬಾಗಿಲು: ಆ ಬೆಳಿಗ್ಗೆ ನನಗಾದ ನಷ್ಟ ಅಷ್ಟು. ಕಾರಣ, ಎರಡು ಲಾರಿ.

ಉಪ್ಪುಂದದಲ್ಲಿ ಒಬ್ಬರು ಹಳೆ ಮನೆ ಕೆಡವುತ್ತಿದ್ದರು. ಬೀಜಾಡಿಯಲ್ಲಿ ನಾವು ಕಟ್ಟಿಸುತ್ತಿದ್ದ ಮನೆಗೆ ಅಲ್ಲಿಯ ಬಾಗಿಲೇ ಬೇಕೆಂದು ಹೆಂಡತಿಗೆ ಆಸೆ. ಹಳೆ ಮರದ ವ್ಯಾಪಾರದಲ್ಲೇ ತಲೆ ನರೆತವನು ನಾನು. ವಾರವಿಡೀ ಫೋನಿನಲ್ಲಿ ಜಗ್ಗಾಡಿ ರೇಟು ಇಳಿಸಿದ್ದೆ. ಯಜಮಾನರದು ಒಂದೇ ಷರತ್ತು: ರಾಹುಕಾಲಕ್ಕೆ ಮುಂಚೆ ಬಂದು, ವೀಳ್ಯದೆಲೆಯ ಮೇಲೆ ಮುಂಗಡ ಇಟ್ಟು ಕೈಗೆ ಕೊಡಬೇಕು. ಮೊಬೈಲಿನಲ್ಲಿ ಕಳಿಸಿದರೆ ಆಗದು. ಬ್ರಹ್ಮಾವರದ ಇನ್ನೊಬ್ಬರಿಗೂ ಆ ಬಾಗಿಲ ಮೇಲೆ ಕಣ್ಣಿತ್ತು.

ಹೆಂಡತಿಯನ್ನೂ ಕೂರಿಸಿಕೊಂಡು ಕಾರಿನಲ್ಲಿ ಹೊರಟೆ. ತ್ರಾಸಿ ದಾಟುತ್ತಲೇ ಲಾರಿಗಳು ಸಿಕ್ಕಿದವು. ಎಡಗಡೆಯದರಲ್ಲಿ ಕೆಂಪು ಕಲ್ಲು, ಬಲಗಡೆಯದರಲ್ಲಿ ಜಲ್ಲಿ. ಜಲ್ಲಿಯದು ಕಲ್ಲಿನದನ್ನು ಹಿಂದೆ ಹಾಕಲು ಹೊರಟಿತ್ತು. ಆದರೆ ಎರಡರದೂ ಒಂದೇ ನಡಿಗೆ. ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ. ಒಳದಾರಿ ಹಿಡಿಯೋಣವೆಂದರೆ ಎಲ್ಲಿಗೆ? ಹಾರ್ನ್ ಹೊಡೆದೆ, ಲೈಟ್ ಹಾಕಿ ತೆಗೆದೆ. ಜಲ್ಲಿಯ ಡ್ರೈವರ್ ಕೈ ಹೊರಗೆ ಚಾಚಿ, ಮಗುವನ್ನು ಮಲಗಿಸುವ ಹಾಗೆ ಗಾಳಿಯನ್ನು ಮೆಲ್ಲಗೆ ತಟ್ಟಿದ.

“ಹ್ವಾಯ್, ಊರಿಡೀ ಚೌಕಾಸಿ ಮಾಡ್ತ್ರಿ, ಅವ್ನ್ ಹತ್ರ ಒಂಚೂರ್ ಮಾಡಿ ಕಾಂಬ” ಎಂದಳು ಹೆಂಡತಿ.

“ಅವ್ನಿಗೆ ಬೇಕಾದ್ ಎಂತ ಇತ್ತ್ ನನ್ನತ್ರ?” ಎಂದೆ.

ಎಡದ ಮಣ್ಣಿನ ಅಂಚಿನಲ್ಲಿ ನುಗ್ಗೋಣವೆಂದು ತಿರುಗಿಸಿದೆ. ರಾಂಗ್ ಸೈಡಿನಲ್ಲಿ ಮೀನಿನ ಪೆಟ್ಟಿಗೆ ಕಟ್ಟಿಕೊಂಡ ಸ್ಕೂಟರ್ ಎದುರಾಯಿತು. ಹೆಂಡತಿ ತೋಳು ಹಿಡಿದುಕೊಂಡಳು. ಮತ್ತೆ ಲಾರಿಗಳ ಹಿಂದೆಯೇ ಸೇರಿಕೊಂಡೆ.

ಉಪ್ಪುಂದ ಮುಟ್ಟುವಾಗ ಬಾಗಿಲು ಬ್ರಹ್ಮಾವರದವರ ಟೆಂಪೋ ಏರಿ ಆಗಿತ್ತು.

“ಕಾದ್ ಕಾದ್ ಸಾಕಾಯ್ತ್ ಮಾರ್ರೆ. ರಾಹುಕಾಲ ನಿಮ್ಗ್ ಕಾಯತ್ತಾ?” ಎಂದರು ಯಜಮಾನರು. ಚಾ ಕುಡಿಸಿ ಕಳಿಸಿದರು.

ವಾಪಸು ಬರುವಾಗ ನಾವುಂದದ ಹತ್ತಿರ ಅದೇ ಟೆಂಪೋ ಮುಂದೆ ಸಿಕ್ಕಿತು. ಬಾಗಿಲಿಗೆ ಪೆಟ್ಟಾಗದಿರಲೆಂದು ತೆವಳುತ್ತಿತ್ತು. ಪಕ್ಕದಲ್ಲಿ ರಸ್ತೆ ಖಾಲಿ.

“ಈಗ ಹೊಡೀರಿ ಕಾಂಬ ಹಾರ್ನ್” ಎಂದಳು.

“ಸುಮ್ನಿರ್. ಅವ್ನ್ ಗಡಿಬಿಡಿ ಮಾಡ್ರೆ ಬಾಗ್ಲ್ ಜಾರೀತ್.”

ಬೀಜಾಡಿಯ ತಿರುವಿನವರೆಗೂ ಅದರ ಹಿಂದೆಯೇ ಬಂದೆವು. ಅದು ನೇರ ಹೋಯಿತು.

ಇಂಥ ವ್ಯವಹಾರಕ್ಕೆ ಹೊರಡುವವರಿಗೆ ನಾನು ಹೇಳುವುದಿಷ್ಟು. ಆ ಊರಿನಲ್ಲೇ ಇರುವ ನಂಬಿಕಸ್ಥರೊಬ್ಬರ ಕೈಯಲ್ಲಿ ಹಿಂದಿನ ದಿನವೇ ಮುಂಗಡ ಇಟ್ಟಿರಿ; ನೀವು ತಡವಾದರೂ ಎಲೆ ಹಿಡಿಯಲು ಅವರಿರುತ್ತಾರೆ. ಲಾರಿಯ ಹಿಂದೆ ಸಿಕ್ಕಿಬಿದ್ದರೆ ಎಡಕ್ಕೆ ನುಗ್ಗಬೇಡಿ. ಅದರ ಕನ್ನಡಿಯಲ್ಲಿ ಡ್ರೈವರನ ಮುಖ ಕಾಣುವಷ್ಟು ಹಿಂದೆ ಉಳಿಯಿರಿ. ನಿಮಗೆ ಅವನು ಕಂಡರೆ ಅವನಿಗೂ ನೀವು ಕಾಣುತ್ತೀರಿ. ಹಾರ್ನ್ ಒಮ್ಮೆ ಸಾಕು, ಅವನಿಗೆ ಕೇಳಿಸಿರುತ್ತದೆ.