ನಾಲ್ಕು ಮಿಲಿಮೀಟರ್

ಜನ ಅವರನ್ನು ಮಿಲಿಮೀಟರ್ ಡಾಕ್ಟ್ರು ಎನ್ನುತ್ತಿದ್ದರು. ಅವರು ಡಾಕ್ಟರಲ್ಲ, ಪಶು ಇಲಾಖೆಯ ಇನ್‌ಸ್ಪೆಕ್ಟರು. ಆದರೆ ಸಿರಿಂಜು ಹಿಡಿದವರೆಲ್ಲ ದನ ಕಟ್ಟಿದವರ ಪಾಲಿಗೆ ಡಾಕ್ಟರೇ. ಹದಿನಾರು ವರ್ಷ ನಾನು ಅವರ ಜೀಪು ಓಡಿಸಿದೆ. ನನ್ನನ್ನು ನೇಮಿಸಿಕೊಂಡದ್ದು ಓಡಿಸುವುದಕ್ಕಷ್ಟೇ. ದನದ ಹಗ್ಗ ಹಿಡಿಯುವುದು, ಬೂಟಿಗೆ ಔಷಧಿ ನೀರು ಸುರಿಯುವುದು, ಅವರು ಕೂಗಿದ ಅಂಕಿಯನ್ನು ಪುಸ್ತಕಕ್ಕೆ ಇಳಿಸುವುದು, ಇವೆಲ್ಲ ಸುಮ್ಮನೆ ನನ್ನ ತಲೆಗೆ ಕಟ್ಟಿದ ಚಾಕರಿ.

ನಮ್ಮ ಕೆಲಸ ಕಾಡಂಚಿನ ದನಗಳಲ್ಲಿ ಕ್ಷಯ ಹುಡುಕುವುದು. ಕುತ್ತಿಗೆಯ ಮೇಲೆ ಸ್ವಲ್ಪ ಕೂದಲು ಬೋಳಿಸಿ, ಚರ್ಮವನ್ನು ಮಡಿಸಿ ಹಿಡಿದು, ಕ್ಯಾಲಿಪರ್ ಎಂಬ ಇಕ್ಕಳದಲ್ಲಿ ಅದರ ದಪ್ಪ ಅಳೆದು, ಅಲ್ಲೇ ಒಂದು ತೊಟ್ಟು ಔಷಧಿ ಚುಚ್ಚಿ ಬರುತ್ತಿದ್ದರು. ಮೂರು ದಿನ ಬಿಟ್ಟು ಮತ್ತೆ ಅಳತೆ. ಚರ್ಮ ನಾಲ್ಕು ಮಿಲಿಮೀಟರ್ ಊದಿದ್ದರೆ ಆ ದನವನ್ನು ಲಾರಿಯಲ್ಲಿ ಒಯ್ದು ಕೊಲ್ಲುತ್ತಾರೆ. ಆ ಮನೆಯ ಹಾಲು ಆರು ತಿಂಗಳು ಬಂದ್. ಮೂರೇ ಇದ್ದರೆ ಮುಂದಿನ ಪರೀಕ್ಷೆಯವರೆಗೆ ಉಳಿಯಿತು ಎಂದು ಲೆಕ್ಕ.

ಅಳತೆಯ ಹುಚ್ಚು ಅವರಿಗೆ ಮನೆಯಲ್ಲೂ ಇತ್ತು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಎರಡು ಸಲ ಅಳೆಯಬೇಕು. ಕಟ್ಟಿಕೊಂಡವಳನ್ನೊಂದು ಅಳೆದು ನೋಡಿಲ್ಲ ಪುಣ್ಯಾತ್ಮ ಎಂದು ಅವರ ಹೆಂಡತಿ ನನ್ನೆದುರೇ ಆಡಿಕೊಳ್ಳುತ್ತಿದ್ದರು. ಡಾಕ್ಟ್ರು ನಗುತ್ತಿರಲಿಲ್ಲ. ನಮ್ಮ ಆಫೀಸೆಂದರೆ ಒಂದೇ ಕೋಣೆ, ಅದರಲ್ಲಿ ಔಷಧಿಯ ಫ್ರಿಜ್ಜು, ಕಾಲು ಅಲ್ಲಾಡುವ ಮೇಜು, ಗೋಡೆಯಲ್ಲಿ ಕಾಡಂಚಿನ ನಕ್ಷೆ. ರೋಗ ಸಿಕ್ಕ ಕೊಟ್ಟಿಗೆಗೊಂದು ಕೆಂಪು ಗುಂಡುಪಿನ್ನು ಚುಚ್ಚಿ, ಅವರು ಬಹಳ ಹೊತ್ತು ಅದನ್ನೇ ನೋಡುತ್ತ ನಿಲ್ಲುತ್ತಿದ್ದರು.

ಹೋದ ವರ್ಷ ಕಾಡಿನ ಆಚೆ ಮಗ್ಗುಲಿನ ಟೈಲರಮ್ಮನ ಮನೆಗೆ ಹೋದೆವು. ಆಕೆ ಬಟ್ಟೆ ಹೊಲಿಯುತ್ತಾ ಎರಡು ಹಸು ಸಾಕಿಕೊಂಡ ಒಂಟಿ ಹೆಂಗಸು. ಎರಡಕ್ಕೂ ನಾಲ್ಕು ಬಂತು. ಮತ್ತೆ ಅಳೆಯಿರಿ ಎಂದು ಆಕೆ ಹಟ ಹಿಡಿದರು. ಮೂರು ಸಲ ಅಳೆದರು, ಮೂರು ಸಲವೂ ಅಷ್ಟೇ.

“ಒಂದು ದಾರದಷ್ಟು ಬಿಡೋಕಾಗಲ್ವಾ ಡಾಕ್ಟ್ರೇ?” ಎಂದು ಕೇಳಿದರು.

“ನಾನಿಲ್ಲಿ ಬಿಟ್ರೆ ಅದು ಕಾಡಿಗೆ ಹೋಗುತ್ತಮ್ಮ. ಜಿಂಕೆಗೆ ಅಂಟುತ್ತೆ. ಅಲ್ಲಿಂದ ಇನ್ಯಾರ ಕೊಟ್ಟಿಗೆಗೆ ಬರುತ್ತೋ ಹೇಳೋಕಾಗಲ್ಲ.”

ಲಾರಿ ಬಂದಾಗ ಆಕೆ ಒಳಗೆ ಹೋಗಿ ಹೊಲಿಗೆ ಯಂತ್ರ ತುಳಿಯತೊಡಗಿದರು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ನನಗೆ ನಮ್ಮ ಡಾಕ್ಟ್ರ ಮೇಲೆ ಎಲ್ಲಿಲ್ಲದ ಸಿಟ್ಟು ಬಂದಿತ್ತು, ಆದರೆ ಒಳಗೊಳಗೇ ಮೆಚ್ಚುಗೆಯೂ ಇತ್ತು.

ಅದೇ ವಾರ ಕಾಡಿನ ಈಚೆ ಮಗ್ಗುಲಿನ ಡಾಕ್ಟ್ರ ಅಕ್ಕನ ಕೊಟ್ಟಿಗೆ. ತಾಯಿ ಸತ್ತ ಮೇಲೆ ಅವರನ್ನು ಎತ್ತಿ ಆಡಿಸಿ ಸಾಕಿದ್ದು ಆ ಅಕ್ಕನೇ. ಹನ್ನೊಂದು ಹಸುಗಳಲ್ಲಿ ಹತ್ತು ಚೆನ್ನಾಗಿದ್ದವು. ಹನ್ನೊಂದನೆಯದು ಮುರುಕು ಕೊಂಬಿನದು. ನಾನು ಹಗ್ಗ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಚರ್ಮ ನಾಲ್ಕು ಊದಿದ್ದು ಇಕ್ಕಳದ ಮುಳ್ಳಿನಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದು, ಟೀ ಆರಿ ಹೋಗ್ತಿದೆ ಬೇಗ ಬಾರೋ ಎಂದರು.

“ಮೂರು,” ಎಂದರು ಇವರು.

ನಾನು ಅವರ ಮುಖ ನೋಡಿದೆ. ಅವರು ನೋಡಲಿಲ್ಲ. ಮೂರು ಎಂದು ಬರೆದೆ.

ಹೊರಡುವ ಮುಂಚೆ ಬೇಲಿಯ ಬಳಿಯ ಉಪ್ಪಿನ ಗಟ್ಟಿಯನ್ನು ತಾವೇ ಬಿಚ್ಚಿ ತಂದು ಕೊಟ್ಟಿಗೆಯೊಳಗೆ ಕಟ್ಟಿದರು. ದನ ನೆಕ್ಕಿದ ಉಪ್ಪನ್ನು ಕತ್ತಲಾದ ಮೇಲೆ ಜಿಂಕೆ ಬಂದು ನೆಕ್ಕುತ್ತದೆ, ಎಂಜಲಿನ ಜೊತೆ ರೋಗವೂ ದಾಟುತ್ತದೆ. ಇನ್ನು ಕಾಡಿಗೆ ಹೋಗಲ್ಲ ಬಿಡು ಎಂದು ಜೀಪಿನಲ್ಲಿ ತಮಗೆ ತಾವೇ ಹೇಳಿಕೊಂಡರು. ಆದರೆ ಉಪ್ಪನ್ನು ಯಾಕೆ ಒಳಗೆ ತಂದೆ ಎಂದು ಅಕ್ಕನಿಗೆ ಹೇಳಿರಲಿಲ್ಲ. ಹೇಳಿದ್ದರೆ ಮುರುಕು ಕೊಂಬಿನ ವಿಷಯವೂ ಹೇಳಬೇಕಾಗುತ್ತಿತ್ತು. ಒಳಗೆ ಕಟ್ಟಿದರೆ ಎರಡೇ ಹಸುಗಳಿಗೆ ಎಟುಕುತ್ತದೆಂದು ಅಕ್ಕ ವಾರದೊಳಗೆ ಅದನ್ನು ಮತ್ತೆ ಬೇಲಿಗೆ ಕಟ್ಟಿದರಂತೆ.

ಎಂಟು ತಿಂಗಳ ಮೇಲೆ ಅರಣ್ಯದ ಗಾರ್ಡು ಒಂದು ಸತ್ತ ಜಿಂಕೆ ತಂದ. ಕೊಯ್ದು ನೋಡಿದರೆ ಶ್ವಾಸಕೋಶದ ತುಂಬ ಹಳದಿ ಗಂಟು. ಎಲ್ಲಿ ಸಿಕ್ಕಿತು ಎಂದು ಇವರು ಕೇಳಿದರು. ಅಕ್ಕನ ಬೇಲಿಯ ಹಿಂದೆ ಎಂದ.

ಕಾಡಂಚಿನ ಕೊಟ್ಟಿಗೆಗಳನ್ನೆಲ್ಲ ಮತ್ತೆ ಪರೀಕ್ಷಿಸಿದೆವು. ಅಕ್ಕನ ಹನ್ನೊಂದರಲ್ಲಿ ಒಂಬತ್ತು ಹೋದವು. ಆಕೆ ತಮ್ಮನಿಗೆ, ಕೆಲಸ ತಾನೇ ನಿಂದು, ಮಾಡು ಎಂದರು. ಅಲ್ಲಿಂದ ಟೈಲರಮ್ಮನ ಮನೆಗೆ ಹೋದೆವು. ಆರು ತಿಂಗಳು ಕಾದು, ರೋಗವಿಲ್ಲವೆಂದು ಚೀಟಿ ನೋಡಿ ತಂದ ಹೊಸ ಹಸುಗಳು ಅಲ್ಲಿದ್ದವು. ಒಂದಕ್ಕೆ ಆರು, ಇನ್ನೊಂದಕ್ಕೆ ಏಳು. ಇವರು ಅಂಕಿ ಹೇಳಿ, ಆಕೆ ಕೇಳದಿದ್ದರೂ ಮತ್ತೆ ಅಳೆಯಲು ಇಕ್ಕಳ ಎತ್ತಿದರು.

“ಬೇಡ ಡಾಕ್ಟ್ರೇ. ನಿಮ್ಮಕ್ಕನ ಮನೇವನ್ನೂ ಬಿಡಲಿಲ್ಲವಂತೆ. ನೀವು ಅಳೆದ ಮೇಲೆ ಸರಿಯಾಗೇ ಇರುತ್ತೆ.”

ಇವರು ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡರು. ಹಳೆಯ ಪುಟ ತೆಗೆದು ಬೆರಳಿಟ್ಟು ತೋರಿಸಿದರು.

“ಇದು ನಾಲ್ಕಿತ್ತಮ್ಮ. ನಾನು ಮೂರು ಅಂದೆ. ನಿಮ್ಮ ಹಸುಗಳನ್ನ ಲಾರಿಗೆ ಹಾಕಿದ ವಾರಾನೇ.”

ಆಕೆ ಆ ಸಾಲನ್ನು ತುಂಬ ಹೊತ್ತು ನೋಡಿದರು. ಕೊರಳಲ್ಲಿದ್ದ ಅಳತೆ ಪಟ್ಟಿಯನ್ನು ತೆಗೆದು ಬೆರಳಿಗೆ ಸುತ್ತಿಕೊಂಡರು.

“ನಾನು ತಪ್ಪು ಅಳೆದ್ರೆ ಬಿಚ್ಚಿ ಹೊಲೀತೀನಿ,” ಎಂದರು. “ನೀವೇನು ಮಾಡ್ತೀರಿ?”

ಮಾರನೆಯ ದಿನ ಡಾಕ್ಟ್ರು ಎಲ್ಲವನ್ನೂ ಮೇಲಧಿಕಾರಿಗೆ ಬರೆದುಕೊಟ್ಟು ಕೆಲಸ ಕಳೆದುಕೊಂಡರು. ಆ ಪತ್ರದಲ್ಲಿ ನನ್ನ ಹೆಸರೇ ಇರಲಿಲ್ಲ. ಈಗ ಹೊಸಬರೊಬ್ಬರು ಬಂದಿದ್ದಾರೆ. ಅವರು ಕೂಗುತ್ತಾರೆ, ನಾನು ಬರೆಯುತ್ತೇನೆ. ಆ ದಿನ ಟೈಲರಮ್ಮ ಪುಸ್ತಕವನ್ನು ಅಷ್ಟು ಹೊತ್ತು ನೋಡಿದರೂ ಬರೆದ ಕೈ ಯಾರದೆಂದು ಕೇಳಲಿಲ್ಲ. ನಾನು ಪಕ್ಕದಲ್ಲೇ ಹಸುವಿನ ಹಗ್ಗ ಹಿಡಿದು ನಿಂತಿದ್ದೆ.