ನಾಲ್ಕನೇ ಅಂತಸ್ತಿನಲ್ಲಿ ಉಳಿದ ಆರು ಮಂದಿ

ಚಿಕ್ಕಪ್ಪ ತೀರಿಕೊಂಡು ತಿಂಗಳಾದ ಮೇಲೆ ಚಿಕ್ಕಮ್ಮ ನನಗೆ ಫೋನ್ ಮಾಡಿದರು. "ಭಾನುವಾರ ಬಿಡುವಿದೆಯೇನೇ? ಆ ಆರು ಜನ ಕೆಳಗೇ ಉಳಿದುಬಿಟ್ಟಿದಾರೆ. ಮೇಲೆ ಕರ್ಕೊಂಡು ಬರಬೇಕು."

ಒಣಹಾಕಿದ ಬಟ್ಟೆ ತೆಗೆಯಬೇಕು ಅನ್ನುವಂಥ ಧ್ವನಿ. ಆ ತಿಂಗಳೆಲ್ಲ ಅವರದು ಅದೇ ಧ್ವನಿ. ಅತ್ತಿರಲಿಲ್ಲ. ಅಳದೇ ಇದ್ದದ್ದು ಬಂಧುಬಳಗಕ್ಕೆ ನುಂಗಲಾರದ ತುತ್ತಾಗಿತ್ತು. ದೊಡ್ಡಮ್ಮನಂತೂ ಅಡುಗೆಮನೆಯಲ್ಲಿ ನಿಂತು, "ಕಲ್ಲು ಕಣೇ, ನಿನ್ನ ಚಿಕ್ಕಮ್ಮ ಕಲ್ಲು" ಎಂದು ಪಿಸುಗುಟ್ಟಿದರು. ಪಿಸುಗುಟ್ಟಿದ್ದು ಹೊರಗಿನ ಕೋಣೆಗೂ ಕೇಳುವಷ್ಟು ಜೋರಾಗಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ನಿಮಗೆ ಅಳು ಬೇಕಿದ್ರೆ ನೀವೇ ಅಳಿ ದೊಡ್ಡಮ್ಮ, ಯಾರೂ ಬೇಡ ಅಂದಿಲ್ಲ" ಅಂದುಬಿಟ್ಟೆ. ಅಲ್ಲಿಂದ ಅವರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ನಷ್ಟವೇನೂ ಆಗಿಲ್ಲ.

ಚಿಕ್ಕಮ್ಮ ರತ್ನಗಂಬಳಿ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವರು. ಇಪ್ಪತ್ತಾರು ವರ್ಷಗಳಿಂದ ಅದೇ ಕೆಲಸ. ಗಂಬಳಿ ಮಗ್ಗಕ್ಕೆ ಏರುವ ಮೊದಲು ಚೌಕುಳಿ ಹಾಳೆಯ ಮೇಲೆ ಮೂಡುತ್ತದೆ; ಒಂದು ಚೌಕ ಅಂದರೆ ಒಂದು ಗಂಟು. ಮಗ್ಗದ ಮುಂದೆ ಒಬ್ಬರು ಹಾಳೆ ಹಿಡಿದು "ಎರಡು ಕೆಂಪು, ಒಂದು ಕಪ್ಪು, ಮೂರು ಬಿಳಿ" ಎಂದು ಕೂಗುತ್ತಾರೆ, ನೇಯುವವರು ಕಿವಿಯಲ್ಲಿ ಕೇಳಿದ್ದನ್ನು ಬೆರಳಲ್ಲಿ ಗಂಟು ಹಾಕುತ್ತಾ ಹೋಗುತ್ತಾರೆ. ಒಂದೇ ಒಂದು ಚೌಕ ತಪ್ಪಿದರೂ ಇಡೀ ಗಂಬಳಿ ಎಡವಟ್ಟು. ಹಾಗಾಗಿ ಕಣ್ಣಲ್ಲಿ ಕಣ್ಣಿಟ್ಟು ಕೆಲಸ ಮಾಡುವುದು ಚಿಕ್ಕಮ್ಮನಿಗೆ ರಕ್ತಗತವಾಗಿತ್ತು. ಮಾರುಕಟ್ಟೆಗೆ ಹೋದರೂ ನೆಲದ ಹಾಸುಗಲ್ಲು ಎಣಿಸುತ್ತಲೇ ನಡೆಯುತ್ತಿದ್ದರು.

ಚಿಕ್ಕಪ್ಪ ಟಿವಿ ರಿಪೇರಿಯವರು. ಯಾವುದೋ ಕಚೇರಿ ಮುಚ್ಚಿದಾಗ ಕೆಟ್ಟ ಟಿವಿಗಳ ಗುಂಪಿನೊಂದಿಗೆ ಒಂದು ಮನೆ ಕಂಪ್ಯೂಟರೂ ಅವರ ಅಂಗಡಿಗೆ ಬಂತು. ಕೀಲಿಮಣೆಯ ಹೊಟ್ಟೆಯೊಳಗೇ ಇಡೀ ಯಂತ್ರ, ಪಕ್ಕದಲ್ಲಿ ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡ ಫ್ಲಾಪಿ ಡ್ರೈವ್, ಟಿವಿಗೆ ಸಿಕ್ಕಿಸಲು ಒಂದು ವೈರು. ಜೊತೆಗೆ ಒಂದೇ ಒಂದು ಆಟ. ಆರು ಜನರ ತಂಡ ಕಟ್ಟಿಕೊಂಡು ಹತ್ತು ಅಂತಸ್ತಿನ ಒಂದು ನೆಲಮಾಳಿಗೆಗೆ ಇಳಿಯಬೇಕು, ದೆವ್ವ ಭೂತಗಳೊಂದಿಗೆ ಬಡಿದಾಡಬೇಕು, ಜೀವ ಉಳಿಸಿಕೊಂಡು ಮೆಟ್ಟಿಲು ಹತ್ತಿ ಊರಿಗೆ ವಾಪಸ್ಸು ಬರಬೇಕು. ಕಣ್ಣೆದುರಿನ ನಾಲ್ಕು ಹೆಜ್ಜೆ ಬಿಟ್ಟರೆ ಬೇರೇನೂ ಕಾಣದು. ದಾರಿಯ ನಕ್ಷೆಯನ್ನು ಆಡುವವರೇ ಬರೆದುಕೊಳ್ಳಬೇಕು. ಬರೆದುಕೊಳ್ಳದಿದ್ದರೆ ಅಲ್ಲೇ ಗತಿ.

ಚೌಕುಳಿ ಹಾಳೆ, ಕೂಗುವವರು, ಬರೆಯುವವರು: ಈ ಮನೆಗೆ ಹೇಳಿ ಮಾಡಿಸಿದ ಆಟ. ಚಿಕ್ಕಪ್ಪ ಆರು ಜನಕ್ಕೂ ಹೆಸರಿಟ್ಟರು. ಮುಂದಿನ ಸಾಲಲ್ಲಿ ತಾವು, ಕಂಡಕ್ಟರ್ ಮತ್ತು ಮೇಷ್ಟ್ರು. ಹಿಂದಿನ ಸಾಲಲ್ಲಿ ಗಾಯ ವಾಸಿ ಮಾಡುವ ಡಾಕ್ಟರಮ್ಮ, ಬೀಗ ಒಡೆಯುವ ಕಳ್ಳ, ಮಂತ್ರ ಹಾಕುವ ಚಿಕ್ಕಮ್ಮ. ಕಳ್ಳನಿಗೆ ತಮ್ಮ ಮನೆ ಮಾಲೀಕರ ಹೆಸರು. ಅವರು ಬಾಡಿಗೆ ವಸೂಲಿಗೆ ಬಂದಾಗಲೆಲ್ಲ ಚಿಕ್ಕಪ್ಪ ನಗು ತಡೆಯಲಾರದೆ ಒಳಗೆ ಓಡುತ್ತಿದ್ದರಂತೆ.

ಮನೆಯಲ್ಲಿ ಎರಡೇ ಕೋಣೆ. ಚಿಕ್ಕಮ್ಮ ನಕ್ಷೆ ಬರೆಯುವ ಓರೆ ಮೇಜು ಬೆಳಕಿಗಾಗಿ ಕಿಟಕಿಗೆ ಅಂಟಿಕೊಂಡಿತ್ತು, ಟಿವಿ ಎದುರುಗೋಡೆಯ ಕಪಾಟಿನಲ್ಲಿ. ಹೀಗಾಗಿ ಅವರು ಪರದೆಗೂ ಗಂಡನಿಗೂ ಬೆನ್ನು ಹಾಕಿ ಕೂರುತ್ತಿದ್ದರು. ಸಂಜೆ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದು ಕೂತರೆ ಹಿಂದಿನಿಂದ ಧ್ವನಿ: "ಮುಂದೆ ಎರಡು. ಎಡಕ್ಕೆ ಗೋಡೆ. ಬಲಕ್ಕೆ ಬಾಗಿಲು. ಬರ್ಕೊಂಡ್ಯಾ?" "ಬರ್ಕೊಂಡೆ, ಮುಂದೆ ಹೇಳಿ." ನಾಲ್ಕು ವರ್ಷ ಹೀಗೇ ನಡೆಯಿತು. ಆ ನೆಲಮಾಳಿಗೆ ಹೇಗೆ ಕಾಣುತ್ತದೆ ಎಂದು ಚಿಕ್ಕಮ್ಮ ಒಮ್ಮೆಯೂ ತಿರುಗಿ ನೋಡಲಿಲ್ಲ. ನೋಡಬೇಕು ಅನ್ನಿಸಲೂ ಇಲ್ಲವಂತೆ. ಶಾಯಿಯಲ್ಲಿ ಬರೆದ ನಾಲ್ಕು ಹಾಳೆಗಳು ಅವರ ಬಳಿ ಇದ್ದವಲ್ಲ. ದಿನ ಮುಗಿದಾಗ ತಂಡ ನಿಂತ ಚೌಕದಲ್ಲಿ ಒಂದು ಚುಕ್ಕೆ ಇಟ್ಟು, ಕಾರ್ಖಾನೆಯ ರೂಢಿಯಂತೆ ಪಕ್ಕದಲ್ಲಿ ತಾರೀಖು ಹಾಕುತ್ತಿದ್ದರು.

ಚಿಕ್ಕಪ್ಪನಿಗೆ ಹೊಟ್ಟೆನೋವು ಬಂತು. ಗ್ಯಾಸ್ಟ್ರಿಕ್ ಅಂದರು. ಮಾತ್ರೆ ನುಂಗುತ್ತಾ, ಅಂಗಡಿಗೆ ಹೋಗುತ್ತಾ, ಸಂಜೆ ಗೋಡೆ ಬಾಗಿಲು ಹೇಳುತ್ತಾ ಇದ್ದರು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಕುಸಿದರು. ಆಸ್ಪತ್ರೆಯಲ್ಲಿ ಡಾಕ್ಟರು ದಪ್ಪನೆಯ ಫೈಲೊಂದನ್ನು ತಂದು ಮೇಜಿನ ಮೇಲಿಟ್ಟಾಗ ಚಿಕ್ಕಮ್ಮನಿಗೆ ಗೊತ್ತಾಯಿತು: ಗ್ಯಾಸ್ಟ್ರಿಕ್ ಅಲ್ಲ, ಮತ್ತು ಅದು ಗ್ಯಾಸ್ಟ್ರಿಕ್ ಅಲ್ಲವೆಂದು ಚಿಕ್ಕಪ್ಪನಿಗೆ ತಿಳಿದು ಹದಿಮೂರು ತಿಂಗಳಾಗಿತ್ತು. ಹದಿನೆಂಟು ದಿನ ಬದುಕಿದ್ದರು. ಆ ಹದಿನೆಂಟು ದಿನವೂ ಚಿಕ್ಕಮ್ಮ ಬೇರೆ ಬೇರೆ ಫಾರಂಗಳಲ್ಲಿ ಆ ಫೈಲಿನ ಮೊದಲ ತಾರೀಖನ್ನು ಬರೆದುಕೊಟ್ಟರು. ಏಕೆ ಹೇಳಲಿಲ್ಲ ಎಂದು ಕೇಳಲು ಹೋದರೆ ಚಿಕ್ಕಪ್ಪನಿಗೆ ಮಾತಾಡುವ ಶಕ್ತಿಯೇ ಇರಲಿಲ್ಲ. ಆಮೇಲೆ ಕೇಳುವುದಕ್ಕೆ ಯಾರೂ ಇರಲಿಲ್ಲ.

ಭಾನುವಾರ ನಾನು ಹೋದಾಗ ಅಂಗಡಿಯ ಪಾಲುದಾರರು ಅಲ್ಲಿದ್ದರು. ಅವರನ್ನು ಎಲ್ಲರೂ ರೇಡಿಯೋ ಮಾಮ ಅನ್ನುತ್ತಾರೆ. ಫ್ಲಾಪಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಡ್ರೈವಿಗೆ ಹಾಕಿದರು.

"ಸವೆದುಹೋಗಿದೆ. ಓದುವಾಗ ಗರಗರ ಅಂತಿದೆ, ಕೇಳಿಸ್ತಾ? ಇನ್ನೊಂದು ಮೂರು ಸಲ ಓದಿದ್ರೆ ನಿಮ್ಮ ಪುಣ್ಯ."

"ನಕಲು ಮಾಡಕ್ಕಾಗಲ್ವಾ ಮಾಮ?" ಅಂದೆ.

"ಆಟ ಮಾಡಿದವರೇ ನಕಲಾಗದ ಹಾಗೆ ಬೀಗ ಹಾಕಿಟ್ಟಿದಾರಮ್ಮ. ಇನ್ನೊಂದು ವಿಷಯ, ಒಳಗೆ ಆರೂ ಜನ ಸತ್ರೆ ಅದನ್ನ ತಕ್ಷಣ ಫ್ಲಾಪಿಯಲ್ಲಿ ಬರೆದುಬಿಡತ್ತೆ. ಆಮೇಲೆ ಬ್ರಹ್ಮ ಬಂದ್ರೂ ಆಗಲ್ಲ. ಊರಿಗೆ ಬಂದು ಸೇರಿದ್ರೆ ಮಾತ್ರ ಕ್ಷೇಮ." ಯಾವ ಕೀಲಿ ಒತ್ತಿದರೆ ಏನಾಗುತ್ತದೆ ಎಂದು ನನಗೆ ತೋರಿಸಿಕೊಟ್ಟು, ಚಿಕ್ಕಮ್ಮನ ಮುಖ ನೋಡಲಾರದೆ ಅವರು ಹೊರಟುಹೋದರು.

"ಚಿಕ್ಕಮ್ಮ, ಇದು ಆಟ ಅಷ್ಟೆ" ಅಂದೆ, ಮೆಲ್ಲಗೆ.

"ಗೊತ್ತು ಕಣೇ. ಕತ್ತಲಲ್ಲಿ ನಿಂತಿದಾರೆ. ಬಿಟ್ಟುಬಿಡೋದು ಹ್ಯಾಗೆ?" ಅಂದು ಚಿಕ್ಕಮ್ಮ ನಾಲ್ಕನೇ ಹಾಳೆ ತೆಗೆದು ಮೇಜಿನ ಮೇಲೆ ಹಾಸಿ, ನನಗೆ ಬೆನ್ನು ಹಾಕಿ ಕೂತರು.

ಹಾಳೆ ತುಂಬಿತ್ತು. ಕೊನೆಯ ಚುಕ್ಕೆ ಬಲತುದಿಯ ಮೂಲೆಯಲ್ಲಿ, ಮೇಲಕ್ಕೆ ಹೋಗುವ ಮೆಟ್ಟಿಲು ಎಡತುದಿಯಲ್ಲಿ. ಐವತ್ತು ಅರವತ್ತು ಹೆಜ್ಜೆಯ ದಾರಿ. "ಮುಂದೆ ಮೂರು, ಆಮೇಲೆ ಬಲಕ್ಕೆ ಬಾಗಿಲು" ಅಂದರು. ನಾನು ಒಂದು ಹೆಜ್ಜೆ ಇಟ್ಟೆ. ಎದುರಿಗೆ ಗೋಡೆ.

"ಗೋಡೆ ಇದೆ ಚಿಕ್ಕಮ್ಮ."

"ಇರಲ್ಲ. ಸರಿಯಾಗಿ ನೋಡು."

"ಗೋಡೆನ ಇನ್ನು ಹ್ಯಾಗೆ ಸರಿಯಾಗಿ ನೋಡ್ಲಿ? ಗೋಡೆ ಗೋಡೆ ಥರಾನೇ ಇದೆ."

ಬಲಕ್ಕೆ ತಿರುಗಿದೆ, ಬಾಗಿಲಿಲ್ಲ. ಹಿಂದಕ್ಕೆ ತಿರುಗಿದೆ, ನಕ್ಷೆಯಲ್ಲಿ ಗೋಡೆ ಇರುವ ಕಡೆ ಉದ್ದನೆಯ ಓಣಿ. ಒಂದು ಚೌಕ ಆಚೀಚೆ ಆಗಿರಬೇಕು ಎಂದು ಚಿಕ್ಕಮ್ಮ ಚುಕ್ಕೆಯನ್ನು ಪಕ್ಕದ ಚೌಕಕ್ಕೆ, ಅದರ ಪಕ್ಕದ್ದಕ್ಕೆ ಸರಿಸಿ ನೋಡಿದರು. ಯಾವುದೂ ತಾಳೆಯಾಗಲಿಲ್ಲ. ಅಷ್ಟರಲ್ಲಿ ಓಣಿಯಿಂದ ಏನೋ ನುಗ್ಗಿ ಬಂದು ಮೇಷ್ಟ್ರ ಮೇಲೆ ಬಿತ್ತು. ನಾನು ಹೆದರಿ ಕೈಗೆ ಸಿಕ್ಕ ಕೀಲಿಗಳನ್ನೆಲ್ಲ ಒತ್ತಿದೆ. ಹೇಗೋ ಬಚಾವಾದೆವು, ಆದರೆ ಡಾಕ್ಟರಮ್ಮನ ಬಳಿ ಇನ್ನು ಒಂದೇ ಮದ್ದು ಉಳಿಯಿತು. ಹೆಜ್ಜೆ ಎಣಿಸಿಕೊಂಡು ಹೊರಟಲ್ಲಿಗೇ ವಾಪಸ್ಸು ಬಂದು ನಿಲ್ಲಿಸಿದೆವು. ಮುಂದಿನ ಭಾನುವಾರವೂ ಅದೇ ಹಾಡು. ಡ್ರೈವ್ ಈಗ ಗರಗರ ಅನ್ನುವುದಲ್ಲ, ಕಿರುಚುತ್ತಿತ್ತು.

"ಚಿಕ್ಕಪ್ಪನೇ ತಪ್ಪು ಹೇಳಿರಬೇಕು" ಅಂದೆ.

"ನಾಲ್ಕು ವರ್ಷದಲ್ಲಿ ಅವರು ಒಂದು ಚೌಕ ತಪ್ಪು ಹೇಳಿಲ್ಲ" ಅಂದರು ಚಿಕ್ಕಮ್ಮ. ಆ ಮಾತಿನಲ್ಲೂ ಹೆಮ್ಮೆಯಿಲ್ಲ, ದುಃಖವಿಲ್ಲ. ಸತ್ತವರ ಮೇಲೆ ಕೋಪ ಮಾಡಿಕೊಳ್ಳಬಾರದು ಅನ್ನುತ್ತಾರೆ, ನಾನು ಮಾಡಿಕೊಂಡೆ. ಕಾಯಿಲೆಯನ್ನೂ ಮುಚ್ಚಿಟ್ಟು, ಹಾಳೆಯನ್ನೂ ಕೆಡಿಸಿಟ್ಟು ಹೋದ ಮನುಷ್ಯ ಎಂದು ಬೈದುಕೊಳ್ಳುತ್ತಾ ಬಸ್ಸು ಹತ್ತಿದೆ.

ಮೂರನೆಯ ಭಾನುವಾರ ನಾನು ಹೋಗುವ ಹೊತ್ತಿಗೆ ಚಿಕ್ಕಮ್ಮ ಕಿಟಕಿಯ ಬಳಿ ನಿಂತಿದ್ದರು. ನಾಲ್ಕನೇ ಹಾಳೆಯನ್ನು ಸರಿಯಾಗಿ ನಡುವೆ ಮಡಿಸಿ ಗಾಜಿಗೆ ಒತ್ತಿ ಹಿಡಿದಿದ್ದರು.

"ಬಾ ಇಲ್ಲಿ. ಏನು ಕಾಣ್ತಿದೆ?"

ಬಿಸಿಲು ಹಾಳೆಯನ್ನು ಹಾದು ಬರುತ್ತಿತ್ತು. ಬಲಗಡೆಯ ಗೋಡೆಗಳು ಎಡಗಡೆಯ ಗೋಡೆಗಳ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿದ್ದವು. ಬಾಗಿಲ ಮೇಲೆ ಬಾಗಿಲು, ಓಣಿಯ ಮೇಲೆ ಓಣಿ.

"ಗಂಬಳಿ ನಕ್ಷೆ ಮುಗಿದ ಮೇಲೆ ಹೀಗೇ ನೋಡೋದು" ಅಂದರು. "ಗಂಬಳಿಗೆ ಅರ್ಧ ಬರೆದ್ರೆ ಇನ್ನರ್ಧ ಅದರದೇ ಕನ್ನಡಿ. ನನಗೆ ಅನುಮಾನವೇ ಬರ್ಲಿಲ್ಲ. ಎಷ್ಟು ಚೆನ್ನಾಗಿ ಕೂರ್ತಿದೆ ಅಂದ್ಕೊಂಡೆ. ಬೇರೆ ಯಾರಾದ್ರೂ ಆಗಿದ್ರೆ ನೆಲಮಾಳಿಗೆ ಹೀಗಿರತ್ತಾ ಅಂತ ಕೇಳ್ತಿದ್ರು."

ನನಗೆ ಇನ್ನೂ ತಲೆಗೆ ಹೋಗಿರಲಿಲ್ಲ. ಅವರೇ ಬಿಡಿಸಿ ಹೇಳಿದರು. ಮಡಿಕೆಯ ನಡುಗೆರೆ ದಾಟಿದ ಬಲಭಾಗವಷ್ಟೂ ಚಿಕ್ಕಪ್ಪ ಆಡಿದ್ದೇ ಅಲ್ಲ. ಓರೆ ಮೇಜಿನ ಮೇಲಿನ ಹಾಳೆ ಹಿಂದೆ ಕೂತವರು ಕತ್ತು ತಿರುಗಿಸಿದರೆ ಚೆನ್ನಾಗಿ ಕಾಣುತ್ತಿತ್ತು. ಅದರ ಎಡಭಾಗವನ್ನೇ ನೋಡಿ, ತಿರುವುಮುರುವು ಮಾಡಿ, ಬರೆದ ಚಿಕ್ಕಮ್ಮನಿಗೇ ಓದಿ ಹೇಳಿದ್ದರು. ಸದ್ದು ಕೇಳಲಿ ಎಂದು ಸುಮ್ಮನೆ ಯಾವುದೋ ಕೀಲಿ ಒತ್ತುತ್ತಿದ್ದಿರಬೇಕು.

"ಯಾಕೆ?"

ಚಿಕ್ಕಮ್ಮ ನಡುಗೆರೆಯ ಪಕ್ಕದಲ್ಲಿ ತಾವೇ ಬರೆದ ತಾರೀಖಿನ ಮೇಲೆ ಬೆರಳಿಟ್ಟರು. ಆಸ್ಪತ್ರೆಯ ಫೈಲಿನ ಮೊದಲ ಪುಟದ ತಾರೀಖು. ಅದರ ಆಚೆಗೆ ಚುಕ್ಕೆ, ತಾರೀಖು, ಚುಕ್ಕೆ, ತಾರೀಖು, ಹದಿಮೂರು ತಿಂಗಳು.

ನನ್ನ ಕೋಪ ಆಗ ಎಲ್ಲಿ ಹೋಯಿತೋ. ಆಸ್ಪತ್ರೆಯಿಂದ ಬಂದ ಆ ಸಂಜೆಯಿಂದ ಚಿಕ್ಕಪ್ಪನಿಗೆ ಆಡುವ ತ್ರಾಣವಿರಲಿಲ್ಲ. ಆಟ ಬೇಡ ಅಂದರೆ ಹೆಂಡತಿ ಏನಾಯಿತು ಎಂದು ತಿರುಗಿ ನೋಡುತ್ತಾಳೆ. ಗೋಡೆ ಬಾಗಿಲು ಹೇಳುತ್ತಿದ್ದರೆ ಹಾಳೆಯಿಂದ ತಲೆ ಎತ್ತುವುದಿಲ್ಲ.

"ಹಾಗಾದ್ರೆ ಆ ಆರು ಜನ?" ಅಂದೆ.

"ಒಂದು ಹೆಜ್ಜೆನೂ ಇಟ್ಟಿಲ್ಲ. ಈ ಗೆರೆ ಮೇಲೇ ನಿಂತಿದಾರೆ. ಎಡಗಡೆದೆಲ್ಲ ನಿಜ."

ಡ್ರೈವ್ ಮೂರು ಸಲ ಕಿರುಚಿ ಕೊನೆಗೂ ಓದಿತು. ಈ ಸಲ ಚಿಕ್ಕಮ್ಮ ಕುರ್ಚಿ ಎಳೆದು ತಂದು ನನ್ನ ಪಕ್ಕದಲ್ಲಿ ಕೂತು ಪರದೆ ನೋಡಿದರು. ಕಪ್ಪು ಹಿನ್ನೆಲೆ, ನಾಲ್ಕಾರು ಬಿಳಿ ಗೆರೆ. "ಇಷ್ಟೇನಾ?" ಅಂದರು. ಆಮೇಲೆ ಹಾಳೆಯ ಎಡಭಾಗವನ್ನು ತೊಡೆಯ ಮೇಲಿಟ್ಟುಕೊಂಡು ದಾರಿ ಹೇಳತೊಡಗಿದರು. ಹಿಂದಕ್ಕೆ ತಿರುಗು, ಓಣಿಯಲ್ಲಿ ಏಳು ಹೆಜ್ಜೆ, ಎಡಕ್ಕೆ ಬಾಗಿಲು. ಬಾಗಿಲಿತ್ತು. ಹೇಳಿದಲ್ಲೆಲ್ಲ ಬಾಗಿಲಿತ್ತು. ಮೂರನೇ ಅಂತಸ್ತಿನಲ್ಲಿ ಕಂಡಕ್ಟರಿಗೆ ಏಟು ಬಿದ್ದು, ಉಳಿದಿದ್ದ ಆ ಒಂದು ಮದ್ದೂ ಖರ್ಚಾಯಿತು. ಎರಡನೆಯದರಲ್ಲಿ ಯಾರೂ ಎದುರಾಗಲಿಲ್ಲ. ಮೊದಲನೆಯದರ ಮೆಟ್ಟಿಲು ಹತ್ತಿದಾಗ ಪರದೆ ಒಮ್ಮೆ ಖಾಲಿಯಾಗಿ, ಡ್ರೈವ್ ಬಹಳ ಹೊತ್ತು ಗೊರಗೊರ ಅಂದು, ಊರು ಬಂತು. ಆರು ಹೆಸರು, ಆರರ ಮುಂದೆಯೂ ಕ್ಷೇಮ ಎಂಬ ಗುರುತು.

"ಎಲ್ಲರೂ ಬಂದ್ರು ಚಿಕ್ಕಮ್ಮ" ಅಂದೆ.

ಅವರು ಪಟ್ಟಿಯ ಮೊದಲ ಹೆಸರನ್ನೇ ನೋಡುತ್ತಿದ್ದರು.

"ಹೋದ ವರ್ಷ ಅವರ ಧ್ವನಿ ತುಂಬಾ ತಗ್ಗಿತ್ತು ಕಣೇ" ಅಂದರು. "ಜೋರಾಗಿ ಹೇಳ್ಬಾರದಾ, ಕೇಳಿಸ್ತಿಲ್ಲ ಅಂತ ದಿನಾ ರೇಗ್ತಿದ್ದೆ. ಅವರು ಜೋರಾಗಿ ಹೇಳ್ತಿದ್ರು."

ಆಮೇಲೆ ಚಿಕ್ಕಮ್ಮ ಅತ್ತರು.